ನೀರುಗಡ್ಡೆ

ಮಧ್ಯಾಹ್ನ ಮೂರೂವರೆಗೆ ಬೊಮ್ಮಕ್ಕ ಸತ್ತಳು. ಹಿಂದಿನ ದಿನವೇ ಹಿರಿಯೂರಿನ ಡಾಕ್ಟರು ಅವಳ ಅತ್ತೆ ಯಲ್ಲಕ್ಕನನ್ನು ಎದುರಿಗೆ ಕೂರಿಸಿಕೊಂಡು, ಏನು ಮಾಡಿದರೆ ಸಾಯುತ್ತಾಳೆಂದು ಬಿಡಿಸಿ ಹೇಳಿದ್ದರು.

ಅದು ೧೯೭೪. ಜವನಗೊಂಡನಹಳ್ಳಿ ಕಡೆಯ ಒಂದು ಕುರಿಹಟ್ಟಿ. ಯಲ್ಲಕ್ಕನ ಹಿರಿಮಗ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಂಡತಿ ಬೊಮ್ಮಕ್ಕನ ಹೊಟ್ಟೆ ಯುಗಾದಿಯಿಂದೀಚೆಗೆ ಉಬ್ಬತೊಡಗಿತ್ತು. ಉಬ್ಬಿದ್ದು ಬಲಗಡೆ, ಪಕ್ಕೆಲುಬಿನ ಕೆಳಗೆ. ಸೀರೆಯ ಮೇಲಿಂದ ನೋಡಿದವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ.

"ಬಸುರಲ್ಲಮ್ಮ," ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. "ಈಲಿಯಲ್ಲಿ, ಅಂದ್ರೆ ಲಿವರಿನಲ್ಲಿ, ನೀರುಗಡ್ಡೆ. ನಾಯಿಯಿಂದ ಬಂದ ಹುಳ. ರಕ್ತದಲ್ಲಿ ಒಂದು ಜಾತಿಯ ಬಿಳಿಕಣ ಇರ್ತವೆ, ಹುಳ ಹೊಕ್ಕರೆ ಹೆಚ್ಚಾಗ್ತವೆ. ಈಕೆಗೆ ಹೆಚ್ಚಾಗಿವೆ."

"ಹಂಗಾರೆ ಆ ಕಣಗಳೇ ಹುಳ ಕೊಲ್ಲಲಿ ಬಿಡ್ರಿ."

"ಅವುಗಳ ಕೈಲಿ ಆಗ್ಲಿಲ್ಲ. ಸುತ್ತ ಗೋಡೆ ಕಟ್ಟಿ ಕಾಯ್ತಿದೆ ಮೈ. ಆ ಗೋಡೆ ಒಡೀಬಾರದು. ಒಳಗಿನ ನೀರು ಚೆಲ್ಲಿದ್ರೆ ಮೈತುಂಬ ಇರೋ ಕಾವಲು ಕಣಗಳು ಒಂದೇ ಸಲ ಸಿಡೀತವೆ. ಗಂಟಲು ಬಾತು ಉಸಿರು ನಿಲ್ತದೆ. ಹುಳ ಕೊಲ್ಲಲ್ಲ, ಅವೇ ಕೊಲ್ತವೆ. ಹೊಟ್ಟೆ ಒತ್ತಬೇಡಿ. ದಾವಣಗೆರೆಗೆ ಕರ್ಕೊಂಡು ಹೋಗಿ, ಕೊಯ್ದು ತೆಗೀತಾರೆ."

ಯಲ್ಲಕ್ಕನಿಗೆ ನಗು ಬಂತು. ನೀರುಗಡ್ಡೆ ಅವಳು ಕಾಣದ್ದೇ? ಕಡಿದ ಕುರಿಯ ಈಲಿಯಲ್ಲಿ ಕಂಡಾಗಲೆಲ್ಲ ಕೊಯ್ದು ಹಟ್ಟಿಯ ನಾಯಿಗೆ ಎಸೆದವಳು ಅವಳೇ. ಕುರಿಗೆ ಬರುವುದು ಕುರಿಗೆ. ಆ ನಾಯಿಯ ಜೊತೆ ಮಂದೆ ಕಾಯ್ದು, ಅದರ ಮೈ ಸವರಿದ ಕೈಯಲ್ಲೇ ಬುತ್ತಿ ಬಿಚ್ಚಿ ಉಂಡವಳು ಬೊಮ್ಮಕ್ಕ ಎಂಬುದು ಅವಳಿಗೆ ಹೊಳೆಯಲಿಲ್ಲ.

ಬಸ್ಸಿಳಿದಾಗ ಪಕ್ಕದ ಮನೆಯ ಮಲ್ಲಕ್ಕ ಎದುರಾದಳು. "ಏನಕ್ಕ, ತೊಟ್ಟಿಲು ತಂದ್ಯಾ ಪ್ಯಾಟೆಯಿಂದ?"

"ಹುಳ ಅಂತೆ ಕಣೆ."

"ಹುಳವಾ! ಎರಡು ಕಾಲಿಂದೇನೋ, ಕೇಳ್ಬೇಕಿತ್ತು."

ಯಲ್ಲಕ್ಕ ಅಂದು ಉಣ್ಣಲಿಲ್ಲ. ಕಿರಿಮಗನಿಗೆ ಹೆಣ್ಣು ಗೊತ್ತಾಗಿತ್ತು. ಮುಂದಿನ ವಾರ ಬೀಗರು ಮನೆ ನೋಡಲು ಬರುವವರಿದ್ದರು.

ಮರುದಿನ ಗಂಡಸರು ಕುರಿ ಹೊಡೆದುಕೊಂಡು ಹೋಗಿ, ಹಟ್ಟಿ ಉಂಡು ಮಲಗಿದ ಹೊತ್ತಿಗೆ ಸೊಸೆಯನ್ನು ಕಂಬಳಿಯ ಮೇಲೆ ಕೆಡವಿಕೊಂಡಳು. ಮರಿ ಒಳಗೇ ಸತ್ತರೆ ಕುರಿಗೆ ಮಾಡುವುದೇ: ಹರಳೆಣ್ಣೆ ಸವರಿ, ಮೇಲಿಂದ ಕೆಳಕ್ಕೆ ನೀವಿ, ಕೊನೆಗೆ ಮೊಣಕಾಲೂರಿ ಒತ್ತುವುದು. ಆ ಕೆಲಸಕ್ಕೆ ಯಲ್ಲಕ್ಕನದು ಹೆಸರಾದ ಕೈ. ನೆರವಿಗೆ ಕರೆಸಿದ್ದ ಮಲ್ಲಕ್ಕ ಬೊಮ್ಮಕ್ಕನ ತೋಳು ಅದುಮಿ ಹಿಡಿದಳು.

"ಅತ್ತೆಮ್ಮ, ಒತ್ತಬ್ಯಾಡ್ರಿ. ನಿಮ್ಮೆದುರಿಗೇ ಹೇಳಿದ್ರಲ್ಲ ಡಾಕ್ಟ್ರು."

"ಯಾವನು ಅಂತ ಹೇಳು, ಬಿಡ್ತೀನಿ."

"ಯಾರೂ ಇಲ್ಲ. ನಿಮ್ಮ ಮಗನಾಣೆ."

"ಸತ್ತೋನ ಹೆಸರು ಎತ್ತಬ್ಯಾಡ ಲೇ," ಎಂದು ಯಲ್ಲಕ್ಕ ಮೊಣಕಾಲೂರಿದಳು.

ಒಳಗೆ ಏನೋ ಒಡೆದದ್ದು ಮೊಣಕಾಲಿಗೇ ತಿಳಿಯಿತು. ಬಿಗಿದಿದ್ದ ಹೊಟ್ಟೆ ಮೆತ್ತಗಾಯಿತು. "ಜಾರ್ತು," ಎಂದಳು ಸಮಾಧಾನದಿಂದ. ಸೀರೆ ಸರಿಸಿ ರಕ್ತಕ್ಕೆ ಕಾಯುತ್ತ ಕುಳಿತಳು.

ರಕ್ತ ಬರಲಿಲ್ಲ. ಬೊಮ್ಮಕ್ಕನ ಎದೆ, ಕತ್ತಿನ ಮೇಲೆಲ್ಲ ಕೆಂಪು ದದ್ದು ಎದ್ದವು. ತುಟಿ ಊದಿತು, ರೆಪ್ಪೆ ಊದಿ ಕಣ್ಣು ಮುಚ್ಚಿಹೋಯಿತು. ಉಸಿರು ಎಳೆದಾಗಲೆಲ್ಲ ಸಿಳ್ಳೆಯಂಥ ಸದ್ದು. ಮಲ್ಲಕ್ಕ ತೋಳು ಬಿಟ್ಟು ಎದ್ದಳು.

"ಅಕ್ಕಾ, ಮಕ ನೋಡಕ್ಕ."

ಯಲ್ಲಕ್ಕ ಮುಖ ನೋಡಲಿಲ್ಲ. ಏನಾದರೂ ಬಿದ್ದೀತೆಂದು ಅವಳ ಕಣ್ಣು ಕೆಳಗೇ ಇತ್ತು. ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಕಾದಳು.

ಹೊಟ್ಟೆಶೂಲೆ ಎಂದು ಹೇಳಿ ಸಂಜೆಗೇ ಮಣ್ಣು ಮಾಡಿದರು. ತಿಥಿಯ ದಿನ ಟಗರು ಕಡಿದರು. ಅದರ ಈಲಿಯಲ್ಲಿ ನೀರುಗಡ್ಡೆಗಳಿದ್ದವು. ಯಲ್ಲಕ್ಕ ಅವನ್ನು ಕೊಯ್ದು ನಾಯಿಗೆ ಎಸೆದಳು.