ಎಂಟುನೂರ ಮೂವತ್ತೈದು ಮಿಲಿಮೀಟರ್

"ಹಿಂದೆ ದಿನಾ ಯಾರಾದ್ರೂ ಕೂರ್ತಾರಾ ಸಾರ್?" ಬೈಕ್ ಶೋರೂಮಿನ ಸಂಜಯ್ ಟ್ಯಾಬ್ ಮೇಲೆ ಬೆರಳಿಟ್ಟುಕೊಂಡು ಕೇಳಿದ.

"ಇಲ್ಲ," ಎಂದ ಗೌತಮ್.

ಉತ್ತರ ಸರಿಯಾಗಿಯೇ ಇತ್ತು. ಹೆಂಡತಿ ಕೀರ್ತಿಗೆ ಅವಳದೇ ಸ್ಕೂಟರ್ ಇದೆ. ಅಕ್ಕ ಪುಟ್ಟಲಿಂಗಮ್ಮ ತೀರಿಕೊಂಡು ಆ ಶನಿವಾರಕ್ಕೆ ಐವತ್ತೊಂಬತ್ತು ದಿನ. ಗೌತಮ್ ಅತ್ತಿರಲಿಲ್ಲ. ಮಣ್ಣು ಮಾಡಿದ ದಿನವೂ ಇಲ್ಲ, ಆಮೇಲೂ ಇಲ್ಲ. ನಾಲ್ಕನೇ ದಿನ ಹೆಬ್ಬಾಳದ ಕಾರ್ಖಾನೆಗೆ ಹೋಗಿ ಪಾಳಿ ಮುಗಿಸಿ ಬಂದಿದ್ದ. ಊಟ ಮಾಡುತ್ತಿದ್ದ, ನಿದ್ದೆ ಮಾಡುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅವನನ್ನು ಇಲ್ಲಿಗೆ ಕರೆತಂದವಳು ಕೀರ್ತಿ.

ಬೈಕು ಗಾಜಿನ ಪಕ್ಕದಲ್ಲೇ ನಿಂತಿತ್ತು. ದುಂಡನೆಯ ಹೆಡ್‌ಲೈಟು, ಕಡ್ಡಿಗಳ ಚಕ್ರ, ಚಪ್ಪಟೆ ಸೀಟು, ಅಗಲವಾದ ಹ್ಯಾಂಡಲ್, ಬಲಗಡೆ ಮೇಲಕ್ಕೆತ್ತಿ ಕೂರಿಸಿದ ಎರಡು ಸೈಲೆನ್ಸರ್. ನೋಡಿದರೆ ನಲವತ್ತು ವರ್ಷ ಹಳೆಯದು, ಹತ್ತಿರ ಹೋದರೆ ಹೊಸ ಬಣ್ಣದ ವಾಸನೆ.

"ಇದು ಶೋಕಿ ಬೈಕ್ ಅಲ್ಲ ಸಾರ್," ಎಂದ ಸಂಜಯ್. "ನೋಡಕ್ಕೆ ನಮ್ಮಪ್ಪನ ಕಾಲದ್ದು, ಒಳಗೆಲ್ಲ ಇವತ್ತಿಂದು. ಬೆನ್ನು ನೆಟ್ಟಗೆ ಇಟ್ಕೊಂಡು ಓಡಿಸ್ಬೋದು. ಸಿಗ್ನಲ್ಲಲ್ಲಿ ಕಾರಿನ ತಲೆ ಮೇಲಿಂದ ಮುಂದಿನ ರಸ್ತೆ ಕಾಣುತ್ತೆ. ದಿನಾ ಡ್ಯೂಟಿಗೂ ಆಯ್ತು, ಭಾನುವಾರ ಮಣ್ಣು ದಾರಿಗೂ ಆಯ್ತು. ಒಂದೇ ಒಂದು, ಸೀಟು ಎತ್ತರ. ಎಂಟುನೂರ ಮೂವತ್ತೈದು ಮಿಲಿಮೀಟರ್. ನಿಮ್ಮ ಹೈಟ್‌ಗೆ ತೊಂದ್ರೆ ಇಲ್ಲ ಬಿಡಿ."

ಆ ಅಂಕಿ ಗೌತಮನಿಗೆ ಎರಡು ವರ್ಷದಿಂದ ಗೊತ್ತಿತ್ತು. ಅವನ ಸ್ಕೂಟರಿನದು ಏಳುನೂರ ಅರವತ್ತೈದು. ವ್ಯತ್ಯಾಸ ಏಳು ಸೆಂಟಿಮೀಟರ್.

ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಅವನನ್ನು ಐಟಿಐ ಓದಿಸಿದ್ದಳು. ಎರಡೂ ಕಿಡ್ನಿ ಹೋದ ಮೇಲೆ ಆರು ವರ್ಷ, ವಾರಕ್ಕೆ ಮೂರು ಸಲ, ಅಶೋಕಪುರಂನಿಂದ ಲಕ್ಷ್ಮೀಪುರಂನ ಡಯಾಲಿಸಿಸ್ ಕೇಂದ್ರಕ್ಕೆ ಸ್ಕೂಟರಿನಲ್ಲಿ ಅವನೇ ಕರೆದೊಯ್ದಿದ್ದ. ಸೂಜಿ ಚುಚ್ಚುವ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದಳು. ಆಟೊ ಎಂದರೆ ಆಗದು. ಕುಲುಕುತ್ತದೆ, ವಾಂತಿ ಬರುತ್ತದೆ ಎನ್ನುತ್ತಿದ್ದಳು.

ಒಂದು ದಿನ ಸಿಗ್ನಲ್ಲಿನಲ್ಲಿ ಇಂಥದೇ ಬೈಕು ಪಕ್ಕಕ್ಕೆ ಬಂದು ನಿಂತಿತ್ತು. ಗೌತಮ್ ನೋಡಿದ್ದನ್ನು ಅಕ್ಕ ನೋಡಿದ್ದಳು. "ಲೋ, ಅಂಗೆ ನುಂಗೋ ಅಂಗೆ ನೋಡ್ಬೇಡ ಕಣೋ. ಅದ್ರ ಮೇಲೆ ನನ್ನ ಕೂರಿಸ್ಬೇಕು ಅಂದ್ರೆ ಕ್ರೇನ್ ತರಿಸ್ಬೇಕು. ಮೊದ್ಲು ನನ್ನ ಕಳಿಸ್ಬುಡು, ಆಮೇಲೆ ತಗೊ." ಬೈಕಿನವನೂ ನಕ್ಕಿದ್ದ. ಗೌತಮನೂ ನಕ್ಕಿದ್ದ.

ಸಂಜಯ್ ಕೀ ತರಲು ಒಳಗೆ ಹೋದಾಗ ಕೀರ್ತಿ ಹತ್ತಿರ ಬಂದಳು. "ಮುಖ ಯಾಕ್ರೀ ಹಂಗೆ? ಅಕ್ಕನೇ ಹೇಳಿರ್ಲಿಲ್ವಾ, ತಗೊ ಅಂತ."

"ಏನಂತ ಹೇಳಿದ್ಲು ಅನ್ನೋದೂ ಗೊತ್ತಲ್ಲ ನಿಂಗೆ."

"ತಮಾಷೆಗೆ ಹೇಳಿದ್ದು ಕಣ್ರೀ ಅದು."

"ಅವಳು ತಮಾಷೆಗೆ ಹೇಳಿದ್ಲು. ನಾನು ಅವತ್ತು ಮನೆಗೆ ಬಂದು ಲೆಕ್ಕ ಹಾಕ್ದೆ. ಡಾಕ್ಟ್ರು ಐದಾರು ವರ್ಷ ಅಂದಿದ್ರು. ಆಗ್ಲೇ ನಾಲ್ಕಾಗಿತ್ತು." ಬಸ್ಸಿನ ವೇಳಾಪಟ್ಟಿ ಓದುವವನ ಹಾಗೆ ಹೇಳಿದ. "ಈಗ ತಗೊಂಡ್ರೆ, ಅವಳು ಹೋಗ್ಲಿ ಅಂತ ಕಾಯ್ತಿದ್ದೆ ಅಂತ ಆಗುತ್ತೆ."

ಕೀರ್ತಿ ಬೈಕಿನ ಸೀಟಿನ ಮೇಲೆ ಕೈಯಿಟ್ಟಳು. "ತಗೊಳ್ದೆ ಇದ್ರೆ ಕಾಯ್ತಿರ್ಲಿಲ್ಲ ಅಂತ ಆಗ್ಬಿಡುತ್ತಾ?"

ಅಷ್ಟರಲ್ಲಿ ಸಂಜಯ್ ಎರಡು ಹೆಲ್ಮೆಟ್ ಹಿಡಿದು ಬಂದ. "ನಾನೂ ಹಿಂದೆ ಬರ್ಬೇಕು ಸಾರ್, ರೂಲ್ಸು. ಹೋದ ತಿಂಗ್ಳು ಒಬ್ರು ಟೆಸ್ಟ್ ರೈಡ್ ಅಂತ ತಗೊಂಡೋಗಿ ನಂಜನಗೂಡಲ್ಲಿ ತಿಂಡಿ ತಿಂದ್ಕೊಂಡು ಬಂದ್ರು."

ಮುಖ್ಯರಸ್ತೆ ದಾಟಿ ಯಾದವಗಿರಿಯ ಒಳರಸ್ತೆಗೆ ತಿರುಗಿದರು. ಗೇರು ಮೃದುವಾಗಿ ಬೀಳುತ್ತಿತ್ತು. ಎರಡನೇ ಗೇರಿನಲ್ಲಿ ಇಪ್ಪತ್ತರ ವೇಗಕ್ಕೂ ಇಂಜಿನ್ ಜಗ್ಗಲಿಲ್ಲ. ರಸ್ತೆಯುಬ್ಬಿನ ಮೊದಲ ಹಂಪು ಬಂತು. ಗೌತಮ್ ವೇಗವನ್ನು ನಡಿಗೆಯಷ್ಟಕ್ಕೆ ಇಳಿಸಿದ, ಮುಂದಿನ ಚಕ್ರ ಹತ್ತಿ ಇಳಿಯುವವರೆಗೆ ಕಾದು ಹಿಂದಿನದನ್ನು ನಿಧಾನವಾಗಿ ಬಿಟ್ಟ.

"ಹಿಡ್ಕೊ ಅಕ್ಕ," ಎಂದ.

"ಏನಂದ್ರಿ ಸಾರ್?"

"ಏನಿಲ್ಲ."

"ಹಂಪಿಗೆಲ್ಲ ಹಿಂಗೆ ನಿಲ್ಲಿಸ್ಬೇಡಿ ಸಾರ್, ಹಿಂದಿನೋರು ಗುದ್ಬಿಡ್ತಾರೆ. ಇದರ ಸಸ್ಪೆನ್ಷನ್ ನೂರೈವತ್ತು ಎಂಎಂ. ನಲವತ್ತರಲ್ಲಿ ಹೊಡೀರಿ, ಗೊತ್ತೇ ಆಗಲ್ಲ."

ಎರಡನೇ ಹಂಪಿಗೆ ಗೌತಮ್ ನಲವತ್ತರಲ್ಲೇ ಹೋದ. ಬೈಕು ಎದ್ದು ಕೂತಿತು, ಅಷ್ಟೇ. ಸಂಜಯ್ ಹೇಳಿದ್ದು ನಿಜ, ಏನೂ ಗೊತ್ತಾಗಲಿಲ್ಲ. ಮೂರನೆಯದೂ ಗೊತ್ತಾಗಲಿಲ್ಲ. ನಾಲ್ಕನೆಯದು ಡಾಂಬರು ಕಿತ್ತುಹೋಗಿ ಗುಂಡಿಯಾಗಿತ್ತು, ಅದಕ್ಕೆ ಐವತ್ತು ಮುಟ್ಟಿಸಿದ. ಹಿಂದಿನಿಂದ ಸಂಜಯ್ "ಸೂಪರ್ ಸಾರ್" ಎಂದ. ಕಾಂಪೌಂಡುಗಳ ಮೇಲೆ ಬಾಗಿದ ಕೊಂಬೆಗಳು, ಗೇಟಿನ ಮುಂದೆ ಕಾರು ಒರೆಸುತ್ತಿದ್ದ ಒಬ್ಬಾತ, ಖಾಲಿ ರಸ್ತೆ. ಇದೇ ಬೈಕು, ಇದೇ ಎತ್ತರ. ಎರಡು ವರ್ಷದಿಂದ ಅವನು ಅಂದುಕೊಂಡ ಹಾಗೆಯೇ ಇತ್ತು.

ವಾಪಸ್ಸು ಬಂದಾಗ ಕೀರ್ತಿ ಮೆಟ್ಟಿಲ ಮೇಲೆ ನಿಂತಿದ್ದಳು. "ಹೆಂಗಿತ್ತು?"

"ಚೆನ್ನಾಗಿದೆ. ಬುಕ್ ಮಾಡ್ಸು."

"ನಿಜವಾಗ್ಲೂ?"

"ಹೂಂ. ಕಾಯ್ತಿದ್ದೆ ಅಂತಾನೇ ಆಗ್ಲಿ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ, "ಯಾವ ಬಣ್ಣ?" ಎಂದಳು.

"ಯಾವ್ದಾದ್ರೂ."

"ಹಸಿರು ಸ್ಟಾಕಲ್ಲೇ ಇದೆ ಮೇಡಂ, ಬನ್ನಿ ತೋರಿಸ್ತೀನಿ," ಎಂದು ಸಂಜಯ್ ಹಾರಿ ಇಳಿದು ಮುಂದೆ ನಡೆದ. ಇಬ್ಬರೂ ಒಳಗೆ ಹೋದರು.

ಗೌತಮ್ ಇಂಜಿನ್ ಆರಿಸಿದ. ಎರಡೂ ಪಾದ ನೆಲಕ್ಕೆ ಊರಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ. ಬೈಕನ್ನು ಎಡಕ್ಕೆ ತುಸು ವಾಲಿಸಿದ. ಒಂದೇ ಕಡೆ ಕಾಲು ಹಾಕಿ ಕೂತವರಿಗೆ ಹಾಗೆ ವಾಲಿಸಿದರೆ ನೆಲ ಸಿಗುತ್ತದೆ. ಗಾಜಿನ ಒಳಗಿನಿಂದ ಕೀರ್ತಿ ಹಸಿರು ಬೈಕಿನ ಪಕ್ಕ ನಿಂತು ಎರಡು ಸಲ ಕೈ ಬೀಸಿ ಕರೆದಳು. ಅವನು ಬ್ರೇಕ್ ಬಿಡಲಿಲ್ಲ. ಭಾರ ಹೊರುವವನ ಹಾಗೆ ಭುಜ ಗಟ್ಟಿಮಾಡಿಕೊಂಡು, ಹಿಂದೆ ತಿರುಗಿ ನೋಡದೆ, ಅಕ್ಕ ಇಳಿಯುವಷ್ಟು ಹೊತ್ತು ನಿಂತೇ ಇದ್ದ.