ಬಿದ್ದ ಮಾವಿನಮರದ ಕಲ್ಲುಹೂವು

ರಾತ್ರಿಯ ಬಿರುಗಾಳಿಗೆ ಕೋಲ್ಕತ್ತದ ಬಾಲಿಗಂಜ್ ಗಲ್ಲಿಯ ಹಳೆಯ ಮಾವಿನಮರ ಉರುಳಿದೆಯೆಂದು ತಿಳಿದ ಕೂಡಲೇ ಅಪರ್ಣಾ ತಟ್ಟೆಯನ್ನು ಹಾಗೇ ಬಿಟ್ಟು ಓಡಿದಳು. ರೈಲ್ವೆ ಎಂಜಿನಿಯರ್ ಗಂಡ ಅನಂತ ಹಿಂದೆಯೇ ಬಂದ. ಸರ್ಕಾರಿ ಸಸ್ಯ ಸಂಶೋಧನಾ ಕಚೇರಿಯಲ್ಲಿ ಅವಳು ಮರ, ಬಂಡೆಗಳ ಮೇಲೆ ಹಬ್ಬುವ ಕಲ್ಲುಹೂವುಗಳ ತಜ್ಞೆ. ಊರು ಹುಟ್ಟುವ ಮೊದಲಿದ್ದ ಕಾಡಿನೊಂದಿಗೇ ಅಳಿಯಿತೆಂದುಕೊಂಡಿದ್ದ ಒಂದು ಜಾತಿ ಆ ಮರದ ತೊಗಟೆಯ ಮೇಲೆ ಅಂಗೈಯಗಲ ಉಳಿದಿತ್ತು. ಕೋಲ್ಕತ್ತವನ್ನೆಲ್ಲ ಜಾಲಾಡಿದರೂ ಇನ್ನೆಲ್ಲೂ ಅದು ಸಿಕ್ಕಿರಲಿಲ್ಲ.

ಮರ ಗಲ್ಲಿಗೆ ಅಡ್ಡ ಬಿದ್ದಿತ್ತು. ಆಚೆ ಆಂಬುಲೆನ್ಸೊಂದು ಕೂಗುತ್ತ ನಿಂತಿತ್ತು. ಕೆಲಸಗಾರ ಯಂತ್ರದ ಗರಗಸವನ್ನು ಎತ್ತಿದ್ದು ಸರಿಯಾಗಿ ಕಲ್ಲುಹೂವಿನ ಆ ಬೂದುಹಸಿರು ಮಚ್ಚೆಯ ಮೇಲೆಯೇ.

"ದಾದಾ, ನಿಲ್ಲಿಸಿ! ಸ್ವಲ್ಪ ಆ ಕಡೆ ಕೊಯ್ಯಿರಿ," ಎಂದು ಹಿಂದಿಯಲ್ಲಿ ಕೂಗಿದಳು.

"ಆ ಕಡೆ ಕರೆಂಟು ತಂತಿ, ಈ ಕಡೆ ಕಾರು. ಕೊಯ್ದರೆ ಇಲ್ಲೇ ದೀದಿ."

"ಐದು ನಿಮಿಷ ಕೊಡಿ." ಅವಳಾಗಲೇ ಚಾಕುವನ್ನು ತೊಗಟೆಯ ಬಿರುಕಿಗೆ ತೂರಿಸಿದ್ದಳು.

ಆಂಬುಲೆನ್ಸಿನಿಂದ ಇಳಿದ ಹೆಂಗಸೊಬ್ಬಳು ಕೊಂಬೆಗಳ ನಡುವೆ ನುಗ್ಗಿ ಬಂದಳು. "ಒಳಗೆ ನಮ್ಮಪ್ಪನಿಗೆ ಉಸಿರಾಡೋಕೆ ಆಗ್ತಿಲ್ಲ. ನಿಮಗೆ ಪಾಚಿ ಬೇಕಾ?"

"ಹಿಂದ ಬಾ, ಅಪರ್ಣಾ," ಎಂದ ಅನಂತ.

"ಇದೊಂದೇ ಉಳದದ..."

"ಗೊತ್ತದ. ಬಾ."

ಅಪರ್ಣಾ ಅವಸರದಿಂದ ಒತ್ತಿದಳು. ಚಾಕು ಜಾರಿ, ಉಗುರಿನಷ್ಟು ಚೂರು ಮಾತ್ರ ಕೈಗೆ ಬಂತು. ಅವಳು ಹಿಂದೆ ಸರಿದಳು. ಗರಗಸ ಇಳಿಯಿತು. ಮರದ ಹೊಟ್ಟು ಮುಖಕ್ಕೆ ಹಾರಿದರೂ ಕಣ್ಣು ಮುಚ್ಚಲಾಗಲಿಲ್ಲ. ದಿಮ್ಮಿ ಉರುಳಿ ದಾರಿ ತೆರೆಯುತ್ತಲೇ ಆಂಬುಲೆನ್ಸ್ ಹೊರಟುಹೋಯಿತು. ಆ ಮುದುಕರು ಬದುಕಿಕೊಂಡರೆಂದು ಮರುದಿನ ಗಲ್ಲಿಯ ಔಷಧದಂಗಡಿಯವನು ಹೇಳಿದಾಗಲೇ ಅವಳು ಹೊಟ್ಟೆತುಂಬ ಉಂಡದ್ದು.

ಆಂಬುಲೆನ್ಸ್ ಹೋದ ಮೇಲೆ ಹೊಟ್ಟಿನಲ್ಲಿ ಮಂಡಿಯೂರಿ ಹುಡುಕಿ ಇನ್ನೂ ಎರಡು ಚೂರು ಹೆಕ್ಕಿದ್ದಳು. ಮೇಲಧಿಕಾರಿ ಶ್ಯಾಮಸುಂದರ ಅವನ್ನು ನೋಡಿ, "ಒಣಗಿಸಿ ಪ್ಯಾಕೆಟ್ಟಿಗೆ ಹಾಕಿ. ಇಲ್ಲಿತ್ತು ಅನ್ನೋದಕ್ಕೆ ಸಾಕ್ಷಿನಾದ್ರೂ ಇರಲಿ," ಎಂದರು.

"ಒಣಗಿಸಿದ್ರೆ ಸಾಕ್ಷಿ ಮಾತ್ರ ಉಳಿಯುತ್ತೆ ಸರ್. ಬೇರೆ ಮರಕ್ಕೆ ಕಟ್ಟಿ ನೋಡ್ತೀನಿ."

"ಸತ್ತುಹೋದ್ರೆ ಜೀವ, ಸಾಕ್ಷಿ ಎರಡೂ ಹೋಯ್ತು. ಜವಾಬ್ದಾರಿ ನಿಮ್ಮದೇ."

ಕಚೇರಿಯ ದಾರಿಯಲ್ಲಿದ್ದ ಕೊಳದ ಪಕ್ಕದ ಮುದಿ ಮಾವಿನಮರವೊಂದಕ್ಕೆ ಚೂರುಗಳನ್ನು ನೂಲಿನ ಬಲೆಯಿಂದ ಕಟ್ಟಿದಳು. ಬೇಸಿಗೆಯಲ್ಲಿ ಒಂದು ಬಿಳಿಚಿ ಉದುರಿತು. ಇನ್ನೊಂದನ್ನು ಇರುವೆಗಳು ಕಿತ್ತವು. ಉಳಿದದ್ದನ್ನು ಅವಳು ಕಚೇರಿಗೆ ಹೋಗುವಾಗಲೆಲ್ಲ ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಅಂಚು ಹಳೆಯ ತೊಗಟೆಯನ್ನು ದಾಟಿ, ಕೂದಲೆಳೆಯಷ್ಟು, ಹೊಸ ಮರಕ್ಕೆ ಹಬ್ಬಿತ್ತು.

"ಯಾವ ಮರ? ನಕ್ಷೆಯಲ್ಲಿ ಗುರುತು ಹಾಕೋಣ," ಎಂದರು ಸುದ್ದಿ ಕೇಳಿದ ಶ್ಯಾಮಸುಂದರ.

"ಈಗಲೇ ಬೇಡ ಸರ್," ಎಂದಳು ಅಪರ್ಣಾ. "ನೋಡೋಕೆ ಅಂತ ಬಂದವರು ಇದನ್ನೂ ಕೆರೆದುಕೊಂಡು ಹೋಗ್ತಾರೆ."