ಬಟ್ಟಲು ತೂರುವಷ್ಟು ಸಂದು

ನಾನು ಒಂದು ಕಬ್ಬಿಣದ ಗೇಟು. ತುಮಕೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ನನ್ನನ್ನು ಮಾಡಿದ ದಸ್ತಗೀರ್ ಸಾಬರು ಅಳತೆ ತಪ್ಪಿ ಕಂಬಿಗಳ ನಡುವೆ ಸಂದು ಜಾಸ್ತಿ ಬಿಟ್ಟರು. "ಇದ್ರೊಳಗೆ ಒಂದು ಬಟ್ಟಲೇ ತೂರುತ್ತಲ್ಲ ಸಾಬ್ರೇ!" ಎಂದು ಗೊಣಗುತ್ತಲೇ ಶಂಕರಲಿಂಗಪ್ಪನವರು ನನ್ನನ್ನು ಮನೆಗೆ ತಂದು ನಿಲ್ಲಿಸಿದರು.

ಬಟ್ಟಲು ನಿಜವಾಗಿಯೂ ತೂರಿತು. ಪಕ್ಕದ ಬಾಡಿಗೆ ಮನೆಯ ಚೆನ್ನಾಜಮ್ಮ ಸಂದಿನಲ್ಲಿ ಕೈ ಹಾಕಿ, "ಸುಗುಣಾ, ಬಸ್ಸಾರು ಮಾಡಿದ್ದೆ, ತಗೋ" ಎನ್ನುತ್ತಿದ್ದರು. ಯಜಮಾನರ ಹೆಂಡತಿ ಸುಗುಣಮ್ಮ ಓಡಿ ಬರುತ್ತಿದ್ದರು. ಬಟ್ಟಲನ್ನು ಖಾಲಿ ವಾಪಸ್ ಕೊಡಬಾರದಲ್ಲ? ಮಾರನೆಯ ದಿನ ಅದರಲ್ಲೇ ಹುರುಳಿಕಾಳಿನ ಪಲ್ಯ ಹೋಗುತ್ತಿತ್ತು. ಹೀಗೆ ಒಂದೇ ಬಟ್ಟಲು ಹನ್ನೊಂದು ವರ್ಷ ಓಡಾಡಿತು. ಅದು ಮೊದಲು ಯಾರ ಮನೆಯದೆಂಬುದು ಇಬ್ಬರಿಗೂ ಮರೆತುಹೋಗಿತ್ತು. ನನಗೋ, ಮುಟ್ಟಿದರೆ ಸಾಕು ಕಿರ್ ಎನ್ನುವ ಚಾಳಿ. ಆ ಮನೆಗೆ ಬೆಲ್ಲೇ ಬೇಕಿರಲಿಲ್ಲ.

ಆಮೇಲೆ ರಸ್ತೆ ಅಗಲವಾಯಿತು, ಬಸ್ಸು ಲಾರಿಗಳು ಬಂದವು. "ಹೋಗೋರ್ ಬರೋರೆಲ್ಲ ಒಳಗೆ ಇಣುಕ್ತಾರೆ ಕಣೆ" ಎಂದು ಯಜಮಾನರು ನನಗೆ ಮೇಲಿಂದ ಕೆಳಗಿನವರೆಗೆ ತಗಡು ಹೊಡೆಸಿದರು. ಕೀಲುಗಳಿಗೆ ಗ್ರೀಸ್ ಹಚ್ಚಿಸಿದರು. ಹೊಸ ಬಣ್ಣ ಬೇರೆ. ಸದ್ದಿಲ್ಲದ ಮರ್ಯಾದಸ್ಥ ಗೇಟಾದೆನೆಂದು ನಾನು ಬೀಗಿದೆ. ನನ್ನ ಬುದ್ಧಿಗಿಷ್ಟು!

ಸಂಜೆ ಬಟ್ಟಲು ಹಿಡಿದು ಬಂದ ಚೆನ್ನಾಜಮ್ಮ ತಗಡು ನೋಡಿ ನಿಂತುಬಿಟ್ಟರು. "ಬರೋದು ಬೇಡ ಅಂತಿದ್ರೆ ಬಾಯಿಬಿಟ್ ಹೇಳ್ಬೋದಿತ್ತಲ್ಲ" ಎಂದುಕೊಂಡು ಹಿಂದಿರುಗಿದರು. ಇತ್ತ ಸುಗುಣಮ್ಮ, "ಬಟ್ಟಲು ಅಕ್ಕನ ಹತ್ರಾನೇ ಇದೆ. ಅವರೇ ಬರಲಿ" ಎಂದು ಬಿಗುಮಾನ ಹಿಡಿದರು. ಎರಡೂ ಮಾತು ಕೇಳಿಸಿಕೊಂಡವನು ನಾನೊಬ್ಬನೇ.

ಎಂಟು ತಿಂಗಳಾದ ಮೇಲೆ ಚೆನ್ನಾಜಮ್ಮ ಬೇರೆ ಊರಿಗೆ ಹೊರಟರು. ಸಾಮಾನಿನ ಲಾರಿ ಕಾಯುತ್ತಿರುವಾಗ, ಬಟ್ಟಲು ತುಂಬ ಸಕ್ಕರೆ ಹಾಕಿ, ಚೀಲದಲ್ಲಿಟ್ಟು ನನ್ನ ಹಿಡಿಕೆಗೆ ನೇತುಹಾಕಿದರು. ತಟ್ಟಲು ಎತ್ತಿದ ಕೈ ಇಳಿಸಿ, ನನ್ನನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು. ತಗಡಿನ ಆಚೆ, ಎರಡು ಮಾರು ದೂರದಲ್ಲಿ, ಸುಗುಣಮ್ಮ ಬೆನ್ನು ಹಾಕಿ ದಾಸವಾಳಕ್ಕೆ ನೀರು ಹಾಕುತ್ತಿದ್ದರು. ನನ್ನ ಕೀಲಿನಿಂದ ಸದ್ದು ಹೊರಡಲಿಲ್ಲ. ಲಾರಿ ಹೋಯಿತು. ಆ ರಸ್ತೆಯಲ್ಲಿ ಲಾರಿ ಸದ್ದು ಹೊಸದೇನಲ್ಲ.

ಸುಗುಣಮ್ಮ ಚೀಲ ಕಂಡಾಗ ಸಕ್ಕರೆಗೆ ಇರುವೆ ಮುತ್ತಿತ್ತು. ಓಡಿಹೋದರೆ ಪಕ್ಕದ ಮನೆಗೆ ಬೀಗ. "ಹೋಗುವಾಗ್ಲೂ ಖಾಲಿ ಕೊಡ್ಲಿಲ್ವಲ್ಲಕ್ಕ, ನಾನೀಗ ಇದನ್ನ ಯಾರಿಗೆ ತುಂಬಿ ಕೊಡ್ಲಿ?" ಎಂದು ನನ್ನ ತಗಡಿಗೆ ಹಣೆಯಿಟ್ಟು ಅತ್ತರು.

ಮುಂದೆ ಯಜಮಾನರ ಮನೆ ಮಾರಾಟವಾಯಿತು. ಕೊಂಡವರು ನನ್ನನ್ನು ಗುಜರಿಗೆ ಹಾಕಿದರು. ಇಲ್ಲಿ ತಗಡು ಕಿತ್ತಿದ್ದಾರೆ. ಸಂದುಗಳು ಮತ್ತೆ ತೆರೆದಿವೆ. ಕೀಲು ತುಕ್ಕು ಹಿಡಿದು, ಗಾಳಿ ಬೀಸಿದರೂ ಕಿರ್ ಎನ್ನುತ್ತೇನೆ. ಅಂಗಡಿಯವನು ಬೈಯುತ್ತಾನೆ. ಬೈಯಲಿ. ಅವತ್ತು ಒಂದೇ ಒಂದು ಸಲ ಹೀಗೆ ಕಿರ್ ಎಂದಿದ್ದರೆ ಸುಗುಣಮ್ಮ ತಿರುಗಿ ನೋಡುತ್ತಿದ್ದರು.